ತಾಯಿ ಎಸೆದ ಕಾಗದ

ಟಾಮ್ ಮೆಕಾರ್ಥಿ ನಿರ್ದೇಶಿಸಿದ ‘ದಿ ವಿಸಿಟರ್’ (2007) ಚಿತ್ರದಲ್ಲಿ ಸಿರಿಯಾದ ಯುವಕ ತಾರೆಕ್ ನ್ಯೂಯಾರ್ಕಿನಲ್ಲಿ ಸೆರೆಯಾಗುತ್ತಾನೆ. ಅಲ್ಲಿ ನೆಲೆಸಲು ಅವನಿಗೆ ಪರವಾನಗಿಯಿಲ್ಲ. ಹೊಸ ಪರಿಚಯದ ಪ್ರೊಫೆಸರ್ ವಾಲ್ಟರ್ ಅವನಿಗಾಗಿ ವಕೀಲರನ್ನು ಗೊತ್ತುಮಾಡುತ್ತಾರೆ. ಅಮೆರಿಕದ ವಲಸೆ ನ್ಯಾಯಾಲಯದಲ್ಲಿ ವಕೀಲರನ್ನಿಟ್ಟುಕೊಳ್ಳುವ ಹಕ್ಕುಂಟು, ಖರ್ಚನ್ನು ಮಾತ್ರ ಸರಕಾರ ಕೊಡುವುದಿಲ್ಲ. ಇದನ್ನು ತಿಳಿದು ನೋಡಿದರೆ ಆ ಉಪಕಾರದ ತೂಕ ಅರ್ಥವಾಗುತ್ತದೆ.

ಆದರೆ ಕಾಲ ಮೀರಿತ್ತು. ದೇಶ ಬಿಡಿರೆಂದು ಹಿಂದೆಯೇ ಬಂದ ಕಾಗದವನ್ನು ತಾಯಿ ಮೌನಾ ಎಸೆದುಬಿಟ್ಟಿದ್ದಳು; ಮಗನಿಗೆ ತಿಳಿದಿರಲಿಲ್ಲ. ಹಿಯಾಮ್ ಅಬ್ಬಾಸ್ ಈ ಪಾತ್ರಕ್ಕೆ ಘನತೆ ತಂದಿದ್ದಾರೆ. ಚಿತ್ರವೂ ಅವಳನ್ನು ದೂರುವುದಿಲ್ಲ. ನನ್ನ ಆಕ್ಷೇಪವೊಂದೇ: ವಕೀಲರ ಪಾತ್ರ ತೀರ ಚಿಕ್ಕದು. ಆ ಕಾಗದ ಬಂದ ದಿನವೇ ತೋರಿಸಿದ್ದರೆ ಏನಾದರೂ ದಾರಿಯಿತ್ತೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಹೆದರಿ ಕಾಗದ ಬಚ್ಚಿಡುವ ತಾಯಂದಿರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಆ ಉತ್ತರವೇ.