ಟರ್ಬೋವಿನ ಮೇಲಣ ಅಪವಾದ

ಎಂಜಿನ್ನಿಗೆ ಗಾಳಿಯನ್ನೊಯ್ಯುವ ಕೊಳವೆಯೊಳಗೆ ಎಣ್ಣೆ ಕಾಣಿಸಿತೆಂದರೆ, ಡೀಸೆಲ್ ಕಾರಿನ ಒಡೆಯನ ಮುಂದೆ ಗ್ಯಾರೇಜಿನಲ್ಲಿ ಮೊದಲು ಉಚ್ಚರಿಸಲ್ಪಡುವುದು ಟರ್ಬೋವಿನ ಹೆಸರು. ಹತ್ತಾರು ಸಾವಿರ ರೂಪಾಯಿ ತೆತ್ತು ಅದನ್ನು ಬದಲಾಯಿಸಿದ ತರುವಾಯ, ಮಳೆಗಾಲ ಮುಗಿಯುವುದರೊಳಗೆ ಅದೇ ಕೊಳವೆಯಲ್ಲಿ ಅದೇ ಎಣ್ಣೆಯನ್ನು ಕಂಡು ವಿಸ್ಮಿತರಾದವರು ಭಟ್ಕಳದಿಂದ ಹೊನ್ನಾವರ, ಕುಮಟೆಗಳವರೆಗೆ ಹೆದ್ದಾರಿಯುದ್ದಕ್ಕೂ ಸಿಕ್ಕುತ್ತಾರೆ. ಟರ್ಬೋ ಎಂದೂ ಕೆಡದೆಂದು ಯಾರೂ ಹೇಳಲಾರರು. ಆದರೆ ಎಣ್ಣೆ ಎಲ್ಲಿಂದ ಹೊರಟಿತೆಂಬುದನ್ನು ವಿಚಾರಿಸದೆ, ಅದು ಎಲ್ಲಿ ಕಂಡಿತೋ ಅಲ್ಲಿಗೆ ಸಮೀಪದ ಬಿಡಿಭಾಗವನ್ನು ಬಿಚ್ಚಿಹಾಕುವ ಪದ್ಧತಿ ನಮ್ಮ ಕರಾವಳಿಯ ಹವೆಗೆ ಸ್ವಲ್ಪವೂ ಒಪ್ಪತಕ್ಕದ್ದಲ್ಲ.

ಪಿಸ್ಟನ್ ರಿಂಗುಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ದಹನದ ಅನಿಲದಲ್ಲಿ ಅಲ್ಪಾಂಶವು ಅವುಗಳ ಸಂದಿನಿಂದ ಕೆಳಗಣ ಆಯಿಲ್ ಚೇಂಬರಿಗೆ ಜಾರಿಯೇ ಜಾರುತ್ತದೆ. ನಮ್ಮ ಮೇಸ್ತ್ರಿಗಳು ಇದನ್ನು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಆ ಅನಿಲಕ್ಕೆ ನಿರ್ಗಮನವಿಲ್ಲದಿದ್ದರೆ ಎಂಜಿನ್ನಿನ ಸೀಲುಗಳು ಉಳಿಯಲಾರವು. ಹಿಂದಿನ ಕಾಲದ ವಾಹನಗಳಲ್ಲಿ ಒಂದು ನಳಿಗೆ ಅದನ್ನು ನೆಲದತ್ತ ಬಿಡುತ್ತಿತ್ತು. ರಸ್ತೆಯ ನಡುವೆ ಕಪ್ಪು ಪಟ್ಟೆ ಬೀಳಲು ಅದೂ ಒಂದು ಕಾರಣ. 1961ರ ಮಾದರಿಯ ಕಾರುಗಳಿಂದ ಮೊದಲುಗೊಂಡು ಕ್ಯಾಲಿಫೋರ್ನಿಯಾದಲ್ಲಿ ಈ ಹೊಗೆಯನ್ನು ಮತ್ತೆ ಗಾಳಿಯ ಹಾದಿಗೇ ತಿರುಗಿಸಿ ಸುಟ್ಟುಬಿಡುವ ವ್ಯವಸ್ಥೆ ಜಾರಿಗೆ ಬಂದಿತು. ಇಂದು ನಾವು ಓಡಿಸುವ ಕಾರುಗಳಲ್ಲೆಲ್ಲ ಬ್ರೀದರ್ ಪೈಪು ಎಂಬುದು ಆ ಕಾರ್ಯಕ್ಕಾಗಿಯೇ ಇದೆ. ಆದಕಾರಣ ಗಾಳಿಯ ಕೊಳವೆಯಲ್ಲಿ ಎಣ್ಣೆಯ ತೆಳು ಲೇಪವಿರುವುದು ಸ್ವಾಭಾವಿಕ. ಬೆರಳಿಗೆ ಅಂಟುವಷ್ಟಿದ್ದರೆ ಒರೆಸಿ ಸುಮ್ಮನಿರಬಹುದು. ಕೊಳವೆಯನ್ನು ಬಗ್ಗಿಸಿದಾಗ ಸುರಿಯುವಷ್ಟಿದ್ದರೆ ಮಾತ್ರ ವಿಚಾರಣೆ ಅಗತ್ಯ.

ಇಲ್ಲಿ ಕುಮಟೆಯ ಬಳಿಯ ಕಾಗಾಲದಂತಹ ಊರಿನ ಪ್ರಸ್ತಾಪ ಬರುತ್ತದೆ. ಒಂದು ಲೀಟರು ಇಂಧನ ಉರಿದಾಗ ಹೆಚ್ಚುಕಡಿಮೆ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲೊಂದು ಪಾಲು ರಿಂಗುಗಳನ್ನು ದಾಟಿ ಚೇಂಬರಿಗಿಳಿಯುವುದು. ಎಂಜಿನ್ನು ಗಂಟೆಗಟ್ಟಲೆ ದುಡಿದು ಎಣ್ಣೆ ಚೆನ್ನಾಗಿ ಕಾಯ್ದರೆ ಆ ಆವಿ ಬ್ರೀದರಿನ ಮೂಲಕ ಹೊರಟುಹೋದೀತು. ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅಘನಾಶಿನಿಯ ಅಳಿವೆಯ ಮಗ್ಗುಲಿನ ಈ ಸೀಮೆಯಲ್ಲಿ, ಬೆಳಗ್ಗೆ ಕುಮಟೆಯ ಪೇಟೆಗೆ ಹೋಗಿ, ನಿಲ್ಲಿಸಿ, ಸಂಜೆ ಹಿಂದಿರುಗುವುದಷ್ಟೇ ಕಾರಿನ ನಿತ್ಯವಿಧಿಯಾದಾಗ, ಎಣ್ಣೆ ಕಾಯುವ ಮುನ್ನವೇ ಪ್ರಯಾಣ ಮುಗಿದು, ಆವಿ ಒಳಗೇ ನೀರಾಗಿ, ಎಣ್ಣೆಯೊಡನೆ ಬೆರೆತು ಮಡ್ಡಿಯಾಗಿ, ಬ್ರೀದರಿನ ಸಪೂರ ದಾರಿಗಳಲ್ಲಿ ಕಟ್ಟಿಕೊಳ್ಳುತ್ತದೆ.

ಕಳೆದ ಆಷಾಢದಲ್ಲಿ ಕಾಗಾಲದ ಒಬ್ಬ ಶಿಕ್ಷಕರ ಕಾರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. 1248 ಸಿಸಿಯ, ನಮ್ಮ ದೇಶದ ಹಲವು ಕಂಪನಿಗಳ ಕಾರುಗಳನ್ನು ನಡೆಸಿದ ಆ ಪ್ರಸಿದ್ಧ ಡೀಸೆಲ್ ಎಂಜಿನ್ನು; ಒಂದು ಗ್ಯಾರೇಜಿನಲ್ಲಿ ಟರ್ಬೋ ಹೋಯಿತೆಂಬ ತೀರ್ಮಾನವೂ ಆಗಿತ್ತು. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತಿರುಗಿಸಿದರೆ ಒಳಮೈಯಲ್ಲಿ ಆಗತಾನೇ ಕಡೆದ ಬೆಣ್ಣೆಯಂತಹ ಹಳದಿ ಲೇಪ. ಎಂಜಿನ್ನು ಸ್ಟಾರ್ಟ್ ಮಾಡಿ ನಿಂತಲ್ಲೇ ಬಿಟ್ಟಾಗ ಡಿಪ್‌ಸ್ಟಿಕ್ಕು ತಾನಾಗಿ ಅರ್ಧ ಬೆರಳು ಮೇಲೆದ್ದಿತು: ಒಳಗೆ ಒತ್ತಡ ಸಿಕ್ಕಿಬಿದ್ದಿದೆಯೆಂಬುದಕ್ಕೆ ಅದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ನಾವು ಕೂಡಿ ಕರೆದೊಯ್ದಿದ್ದ ಮೇಸ್ತ್ರಿ ಏರ್ ಫಿಲ್ಟರಿನಿಂದ ಟರ್ಬೋವರೆಗಿನ ಹೋಸನ್ನು ಕಳಚಿ ಟಾರ್ಚು ಬಿಟ್ಟು ನೋಡಿದನು. ಫಿಲ್ಟರಿನ ಕಡೆಯ ಭಾಗ ಒಣಗಿತ್ತು. ಬ್ರೀದರ್ ಬಂದು ಸೇರುವ ಸ್ಥಳದಿಂದಾಚೆಗೆ ಎಣ್ಣೆ ಮಡುಗಟ್ಟಿತ್ತು. ಟರ್ಬೋವಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಹಿಂದುಮುಂದಕ್ಕೆ ಎಳೆದರೆ ಆಟವೇ ತೋರಲಿಲ್ಲ. ಅಡ್ಡಕ್ಕೆ ಅಲ್ಲಾಡಿಸಿದರೆ ಇರತಕ್ಕಷ್ಟೇ ಆಟ, ರೆಕ್ಕೆಗಳು ಗೋಡೆಗೆ ತಗಲಿದ ಗೀರೂ ಇಲ್ಲ. “ಮಾಸ್ತರ್ರೇ, ಟರ್ಬೋ ಚಲೋ ಅದೆ, ಅದಕ್ಕೆ ಕೈ ಹಚ್ಚೂದ್ ಬೇಡ” ಎಂದನು.

ಅವನು ನೋಡಿದ ಕ್ರಮವೇ ಈ ವಿದ್ಯೆಯ ಸಾರ. ಟರ್ಬೋವಿಗಿಂತ ಮೊದಲೇ ಕೊಳವೆ ತೊಯ್ದಿದ್ದರೆ ಎಣ್ಣೆ ಬ್ರೀದರಿನದು. ಮೊದಲಿನ ಭಾಗ ಒಣಗಿದ್ದು ಆಚೆಯದು ಮಾತ್ರ ತೊಯ್ದಿದ್ದರೆ ಟರ್ಬೋವನ್ನು ಸಂದೇಹಿಸಬೇಕು. ಆಗಲೂ ತ್ವರೆ ಸಲ್ಲದು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಅದರ ದಂಡಕ್ಕೆ ಬಂದ ಎಣ್ಣೆ ಕೆಳಗಣ ಚೇಂಬರಿಗೆ ಇಳಿಯುವುದು ಕೇವಲ ತನ್ನ ಭಾರದಿಂದ; ಚೇಂಬರಿನೊಳಗೆ ಒತ್ತಡ ತುಂಬಿದ್ದರೆ ಅಥವಾ ಆ ಇಳಿಪೈಪು ಕಟ್ಟಿದ್ದರೆ, ಹಿಂದಕ್ಕೆ ಹೋಗಲಾರದ ಎಣ್ಣೆ ಸೀಲನ್ನು ದಾಟಿ ಗಾಳಿಯತ್ತಲೇ ನುಗ್ಗುವುದು. ಹೊಸ ಟರ್ಬೋ ತಂದು ಕೂರಿಸಿದರೂ ಅದಕ್ಕೆ ಇದೇ ಗತಿ.

ಪೆಟ್ರೋಲ್ ಕಾರುಗಳ ಮಾತು ಬೇರೆ. ಅಲ್ಲಿ ಬ್ರೀದರಿನ ಹಾದಿಯಲ್ಲಿರುವ ಪಿಸಿವಿ ವಾಲ್ವನ್ನು ಕಳಚಿ ಅಲ್ಲಾಡಿಸಿ ನೋಡಿ; ಹಲವು ಮಾದರಿಗಳಲ್ಲಿ ಒಳಗಣ ತುಂಡು ಟಕಟಕನೆ ಸದ್ದು ಮಾಡಬೇಕು. ಶಿರಸಿಯಿಂದ ದೇವಿಮನೆ ಘಟ್ಟವನ್ನು ಗೇರಿನ ಹಿಡಿತದಲ್ಲೇ ಇಳಿದು ಕತಗಾಲದ ಬಳಿ ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಹೊಗೆ ಹೊಮ್ಮಿದರೆ ವಾಲ್ವ್ ಗೈಡುಗಳೂ ಸೀಲುಗಳೂ ಸವೆದಿವೆಯೆಂದು ತಿಳಿಯಬಹುದು. ಏರುವಾಗ ಎಡೆಬಿಡದೆ ಹೊಗೆಯಾಡಿದರೆ ರಿಂಗುಗಳನ್ನು ಕಂಪ್ರೆಷನ್ ಗೇಜಿನಿಂದ ಪರೀಕ್ಷಿಸಲೇಬೇಕು.

ಡಿಪ್‌ಸ್ಟಿಕ್ಕಿನ ಮೇಲುಗೆರೆಯನ್ನು ಮೀರಿ ಎಣ್ಣೆ ತುಂಬುವುದನ್ನು ನಾನು ಉದಾರತೆಯೆಂದು ಒಪ್ಪಲಾರೆ. ಕ್ರ್ಯಾಂಕು ಅದನ್ನು ಬಡಿದು ನೊರೆಯೆಬ್ಬಿಸಿ ಬ್ರೀದರಿಗೆ ಉಣಿಸುತ್ತದೆ. 2020ರ ಏಪ್ರಿಲ್ಲಿನಿಂದೀಚಿನ ಬಿಎಸ್-6 ಡೀಸೆಲ್ ಕಾರುಗಳಲ್ಲಿ ನಾವು ತುಂಬದಿದ್ದರೂ ಮಟ್ಟ ಏರಬಹುದು: ಹೊಗೆನಳಿಗೆಯ ಮಸಿಶೋಧಕವನ್ನು ಸುಟ್ಟು ಶುದ್ಧಿಗೊಳಿಸಲೆಂದು ಚಿಮ್ಮಿಸಿದ ಹೆಚ್ಚುವರಿ ಡೀಸೆಲ್ಲು, ಸಣ್ಣ ಪ್ರಯಾಣಗಳಲ್ಲಿ ಆ ಕಾರ್ಯ ಅರ್ಧಕ್ಕೇ ನಿಂತು ಮತ್ತೆಮತ್ತೆ ಮೊದಲಾಗುವುದರಿಂದ, ಚೇಂಬರಿಗೆ ಇಳಿದು ಸೇರುತ್ತದೆ. ಮಟ್ಟ ಹೆಚ್ಚಿದ ಎಣ್ಣೆ ಡೀಸೆಲ್ಲಿನ ವಾಸನೆ ಬೀರಿದರೆ ಬದಲಾಯಿಸಲು ತಡಮಾಡಬಾರದು.

ಶಿಕ್ಷಕರ ಕಾರಿನಲ್ಲಿ ಬ್ರೀದರಿನ ಎಣ್ಣೆ ಬೇರ್ಪಡಿಸುವ ಭಾಗವನ್ನೂ ಪೈಪನ್ನೂ ತೊಳೆದು ಒಣಗಿಸಿ, ಎಣ್ಣೆ ಬದಲಿಸಿ, ಟರ್ಬೋವಿನಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಕೆಳಗಿಳಿಸಿ ಬಗ್ಗಿಸಿದಾಗ ಒಂದು ಲೋಟದಷ್ಟು ಎಣ್ಣೆ ಹೊರಬಂದಿತು. ಆ ಎಂಜಿನ್ನು 2000 ಸುತ್ತಿನಲ್ಲಿ ಟರ್ಬೋವಿನ ನೆರವಿಲ್ಲದೆಯೇ ನಿಮಿಷಕ್ಕೆ 1248 ಲೀಟರು ಗಾಳಿಯನ್ನು ಸೆಳೆಯಬಲ್ಲದು. ಆ ಸೆಳೆತಕ್ಕೆ ಸಿಕ್ಕಿ ಅಷ್ಟೂ ಎಣ್ಣೆ ಒಮ್ಮೆಲೇ ಒಳಗೆ ಹೋಗಿದ್ದರೆ, ಡೀಸೆಲ್ ಎಂಜಿನ್ನು ಅದನ್ನೇ ಇಂಧನವಾಗಿ ಉರಿಸುತ್ತ, ಬೀಗದಕೈ ತಿರುಗಿಸಿದರೂ ನಿಲ್ಲದೆ, ಒಡೆಯುವವರೆಗೆ ವೇಗವೇರಿಸಿಕೊಳ್ಳುತ್ತಿತ್ತು. ಮ್ಯಾನುಯಲ್ ಗೇರಿನ ಕಾರಿನಲ್ಲಿ ಅಂತಹ ಪ್ರಸಂಗ ಒದಗಿದರೆ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ ನಿಲ್ಲಿಸಬೇಕು. ಬಾನೆಟ್ಟು ತೆಗೆದು ಕೈಯಿಂದ ಗಾಳಿಯ ಬಾಯಿ ಮುಚ್ಚಲು ಹೋಗಬಾರದು.