ಗಾಜಿನ ಮೇಲೊಂದು ‘ಣ’

ತಂಗಿಯ ಮಗಳು ಈ ವರ್ಷ ಚಿತ್ರಕಲಾ ಕಾಲೇಜು ಸೇರಿದಳು. “ಮಾವ, ಟ್ಯಾಬ್ ತಗೋಬೇಕು. ಡ್ರಾಯಿಂಗೂ ಆಗ್ಬೇಕು, ನೋಟ್ಸು ಅಸೈನ್‌ಮೆಂಟೂ ಆಗ್ಬೇಕು. ಆಪಲ್ಲೋ ಸ್ಯಾಮ್‌ಸಂಗೋ, ಅಷ್ಟು ಹೇಳಿ ಸಾಕು” ಎಂದಳು. ಅವಳಿಗೆ ಬೇಕಿದ್ದದ್ದು ಒಂದೇ ಪದದ ಉತ್ತರ. ನಾನು ಅದನ್ನು ಹೇಳದೆ ಭಾನುವಾರವಿಡೀ ಅಂಗಡಿ ಸುತ್ತಿಸಿದೆ.

ಹೋದಲ್ಲೆಲ್ಲ ಒಂದೇ ನೋಟ. ಟ್ಯಾಬ್‌ಗಳು ಸ್ಟ್ಯಾಂಡಿನ ಮೇಲೆ ನೆಟ್ಟಗೆ ಕೂತಿವೆ, ಯಾರೂ ಎತ್ತಿಕೊಂಡು ಹೋಗದಂತೆ ತಂತಿ ಬಿಗಿದಿದ್ದಾರೆ, ಪೆನ್ನು ಮಾತ್ರ ಇಲ್ಲ. “ಅದು ಬಾಕ್ಸ್‌ನಲ್ಲಿ ಬರತ್ತೆ ಸಾರ್” ಎಂದು ಒಬ್ಬ, “ಅದನ್ನ ಬೇರೆ ತಗೋಬೇಕು ಸಾರ್” ಎಂದು ಇನ್ನೊಬ್ಬ. ಚಪ್ಪಲಿ ಕೊಳ್ಳುವಾಗ ಮೆಟ್ಟಿ ನಾಲ್ಕು ಹೆಜ್ಜೆ ಹಾಕದೆ ದುಡ್ಡು ಬಿಚ್ಚದ ನಾವು, ನಲವತ್ತು ಸಾವಿರದ ಟ್ಯಾಬನ್ನು ಒಂದು ಗೆರೆಯನ್ನೂ ಎಳೆಯದೆ ಮನೆಗೆ ತರುತ್ತೇವೆ. ಮೂರನೇ ಅಂಗಡಿಯ ಹುಡುಗ ಪುಣ್ಯಾತ್ಮ, ಡ್ರಾಯರಿನಿಂದ ಎರಡು ಪೆನ್ನು ಹುಡುಕಿ ಕೊಟ್ಟ.

ಪುಸ್ತಕಗಳ ಮುಖಪುಟಕ್ಕೆ ಶೀರ್ಷಿಕೆ ಬರೆಯುವುದು ನನ್ನ ಕಸುಬು. ಹಾಗಾಗಿ ಯಾವ ಪೆನ್ನು ಕೈಗೆ ಬಂದರೂ ಮೊದಲು ‘ಣ’ ಬರೆದು ನೋಡುತ್ತೇನೆ. ಇಂಗ್ಲಿಷಿನ ಸಹಿ ಗೀಚಿದರೆ ಎಲ್ಲ ಪೆನ್ನೂ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಕೈ ಅಲ್ಲಿ ಓಡುತ್ತಿರುತ್ತದೆ. ‘ಣ’ ಹಾಗಲ್ಲ. ಸುತ್ತಿ ಬರಬೇಕು, ತಿರುವಿನಲ್ಲಿ ನಿಧಾನಿಸಬೇಕು, ಒತ್ತು ಇಳಿಸುತ್ತ ಕೊನೆಯನ್ನು ಕೂದಲೆಳೆಗೆ ತಂದು ಬಿಡಬೇಕು. ಪೆನ್ನಿನ ಹುಳುಕು ಹೊರಬೀಳುವುದು ಆ ಕೊನೆಯಲ್ಲೇ. ಡಬ್ಬದ ಮೇಲೆ 4096 ಹಂತದ ಒತ್ತಡ, 8192 ಹಂತದ ಒತ್ತಡ ಎಂದು ಅಚ್ಚು ಹಾಕಿರುತ್ತಾರೆ. ಇವೆರಡರ ವ್ಯತ್ಯಾಸ ನನ್ನ ಬೆರಳಿಗಂತೂ ತಿಳಿದಿಲ್ಲ. ಮುಖ್ಯವಾದದ್ದು ಡಬ್ಬದ ಮೇಲೆ ಇರದ ಸಂಗತಿ: ಎಷ್ಟು ಹಗುರವಾಗಿ ತಾಕಿದರೆ ಗೆರೆ ಶುರುವಾಗುತ್ತದೆ, ಎಷ್ಟು ಹಗುರವಾಗುವವರೆಗೆ ಉಳಿಯುತ್ತದೆ ಎಂಬುದು.

ಎರಡನೆಯದು ಸ್ಕೇಲಿನ ಪರೀಕ್ಷೆ. ಪರದೆಯ ಮೇಲೆ ಓರೆಯಾಗಿ ಪ್ಲಾಸ್ಟಿಕ್ ಸ್ಕೇಲು ಇಟ್ಟು, ಆಮೆಯ ವೇಗದಲ್ಲಿ ಒಂದು ಗೆರೆ ಎಳೆಯಿರಿ. ಸ್ಕೇಲು ನೇರವಾಗಿದೆ, ಕೈ ನೇರವಾಗಿದೆ, ಗೆರೆ ಮಾತ್ರ ಎತ್ತು ಉಚ್ಚೆ ಹೊಯ್ದಂತೆ ಬಂದರೆ ಅಂಥ ಟ್ಯಾಬನ್ನು ಅಲ್ಲೇ ಬಿಟ್ಟು ಬನ್ನಿ. ಮೈಕ್ರೋಸಾಫ್ಟಿನ ಸರ್ಫೇಸ್ ಬಗ್ಗೆ ಚಿತ್ರಕಾರರು ಬಹಳ ಕಾಲ ಗೊಣಗಿದ್ದು ಈ ಕಾರಣಕ್ಕೇ. ಕಚೇರಿ ಕೆಲಸಕ್ಕೆ ಅದು ಪೂರ್ತಿ ಕಂಪ್ಯೂಟರು, ಅದರಲ್ಲಿ ಎರಡು ಮಾತಿಲ್ಲ.

ಇನ್ನು ಪೆನ್ನಿನ ಒಳಗಿನ ವಿಚಾರ. ಸ್ಯಾಮ್‌ಸಂಗಿನ ಎಸ್ ಪೆನ್ ನಡೆಯುವುದು ಜಪಾನಿನ ವಾಕೊಮ್ ಕಂಪನಿಯ ತಂತ್ರದ ಮೇಲೆ. ಪರದೆಯ ಅಡಿಯಲ್ಲಿ ತಂತಿಯ ಜಾಲವಿದ್ದು ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ತಾನಿರುವ ಜಾಗ ತಿಳಿಸುತ್ತದೆ. ಹಾಗಾಗಿ ಗೆರೆ ಎಳೆಯಲು ಬ್ಯಾಟರಿ ಬೇಡ, ಚಾರ್ಜು ಬೇಡ. ಹತ್ತು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದರೂ ತೆಗೆದು ಬರೆಯಬಹುದು. ಕಳೆದುಹೋದರೆ ಸ್ಟೆಡ್ಲರ್‌ನವರು ಮಾಡುವ, ನೋಡಲು ಥೇಟ್ ಸೀಸದ ಕಡ್ಡಿಯಂತಿರುವ ನೋರಿಸ್ ಡಿಜಿಟಲ್ ಕೊಂಡರೂ ನಡೆಯುತ್ತದೆ. ಆಪಲ್ ಪೆನ್ಸಿಲ್‌ನೊಳಗೆ ಬ್ಯಾಟರಿ ಇದೆ. ಬ್ಯಾಟರಿ ಪೆನ್ನೊಂದನ್ನು ನಾನು ಮಳೆಗಾಲ ಪೂರ್ತಿ ಮರೆತಿಟ್ಟಿದ್ದೆ. ದಸರಾ ಹೊತ್ತಿಗೆ ತೆಗೆದರೆ ಅದು ಏಳಲೇ ಇಲ್ಲ. ಯಾವ ಕಂಪನಿಯದೆಂದು ಹೇಳಲಾರೆ, ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆದರೆ ಗೆರೆಯ ವಿಷಯಕ್ಕೆ ಬಂದರೆ ಆಪಲ್ಲಿನದೇ ಮೇಲುಗೈ ಎಂದು ಒಪ್ಪಬೇಕು. 2015ರಲ್ಲಿ ಮೊದಲ ಐಪ್ಯಾಡ್ ಪ್ರೊ ಜೊತೆ ಬಂದ ಪೆನ್ಸಿಲನ್ನು ಟ್ಯಾಬಿನ ಬುಡಕ್ಕೆ ಚುಚ್ಚಿ, ಬಾಲ ಬಂದಂತೆ ನಿಲ್ಲಿಸಿ ಚಾರ್ಜು ಮಾಡಬೇಕಿತ್ತು. ನೋಡಿದವರು ನಕ್ಕರು. ನಕ್ಕವರೂ ಗೆರೆ ಎಳೆದ ಮೇಲೆ ಸುಮ್ಮನಾದರು. ತೊಂದರೆ ಇರುವುದು ಆಮೇಲೆ ಅದೇ ಕಂಪನಿ ಕಟ್ಟಿದ ಪೆನ್ಸಿಲ್‌ಗಳ ಸಂಸಾರದಲ್ಲಿ. ಈಗ ನಾಲ್ಕು ಬಗೆ. ಯಾವುದು ಯಾವ ಐಪ್ಯಾಡಿಗೆ ಹೊಂದುತ್ತದೆಂದು ಜಾತಕ ಕೂಡಿಸಿ ನೋಡಬೇಕು. 2023ರಲ್ಲಿ ಭಾರತದಲ್ಲಿ 7,900 ರೂಪಾಯಿಗೆ ಬಂದ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯುವ ಗುಣವೇ ಇಲ್ಲ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಒಂದೇ ದಪ್ಪದ ಗೆರೆ. ನೋಟ್ಸ್ ಬರೆಯುವವರಿಗೆ ಅದು ಸಾಕು. ಚಿತ್ರ ಬರೆಯುವವರಿಗೆ ಮಾರಿದರೆ ಅದನ್ನು ಮೋಸವೆಂದೇ ಕರೆಯುತ್ತೇನೆ. ಅಗ್ಗದ ಐಪ್ಯಾಡಿನಲ್ಲಿ ಇನ್ನೊಂದು ಕೊರತೆ: ಮೇಲಿನ ಗಾಜಿಗೂ ಒಳಗಿನ ಪರದೆಗೂ ನಡುವೆ ಸಂದು. ಮೊನೆ ಒಂದು ಕಡೆ, ಗೆರೆ ಅದರ ಕೆಳಗೆಲ್ಲೋ. ಸ್ಯಾಮ್‌ಸಂಗಿನಲ್ಲೂ ಕಣ್ಣು ತೆರೆದಿರಬೇಕು. ಟ್ಯಾಬ್ ಎಸ್6 ಲೈಟ್, ಎಸ್9 ಎಫ್‌ಇಗಳಲ್ಲಿ ಪೆನ್ನು ಡಬ್ಬದೊಳಗೇ ಬರುತ್ತದೆ. ಟ್ಯಾಬ್ ಎ9ಗೆ ಅದು ಹೊಂದುವುದೇ ಇಲ್ಲ.

ಐಪ್ಯಾಡಿನ ಪರವಾಗಿ ಹೇಳುವ ದೊಡ್ಡ ಮಾತು ಪ್ರೊಕ್ರಿಯೇಟ್. ಟಾಸ್ಮೇನಿಯಾದ ಪುಟ್ಟ ಕಂಪನಿಯೊಂದು 2011ರಲ್ಲಿ ತಂದ, ಚಿತ್ರ ಬರೆಯುವ ಈ ಆ್ಯಪ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ತಿಂಗಳ ಕಂದಾಯವಿಲ್ಲ. ಆಂಡ್ರಾಯ್ಡಿಗೆ ಅದು ಬಂದಿಲ್ಲ. ಅಲ್ಲಿ ಕ್ಲಿಪ್ ಸ್ಟುಡಿಯೊ ಇದೆ, ಚಂದಾ ಕಟ್ಟಬೇಕು. ಪುಕ್ಕಟೆಯ ಕ್ರಿಟಾ ಇದೆ, ಆದರೆ ಕಂಪ್ಯೂಟರಿನಲ್ಲಿ ಇರುವಷ್ಟು ಆರಾಮ ಟ್ಯಾಬಿನಲ್ಲಿಲ್ಲ. ಚಿತ್ರವೇ ಅನ್ನವಾದವರು ಐಪ್ಯಾಡ್ ಏರ್ ಮತ್ತು ಪೆನ್ಸಿಲ್ ಪ್ರೊ ಕೊಂಡರೆ ನಾನು ಅಡ್ಡಿ ಹೇಳುವುದಿಲ್ಲ.

‘ದಿನದ ಕೆಲಸವೂ ಅದರಲ್ಲೇ’ ಎನ್ನುವ ಮಾತಿಗೆ ಮಾತ್ರ ನನ್ನ ತಕರಾರಿದೆ. ಮೇಲ್ ನೋಡುವುದು, ಪಿಡಿಎಫ್ ತಿದ್ದುವುದು, ಆನ್‌ಲೈನ್ ಕ್ಲಾಸು ಇವೆಲ್ಲ ಯಾವ ಟ್ಯಾಬಿನಲ್ಲಾದರೂ ಆಗುತ್ತವೆ. ಆಂಡ್ರಾಯ್ಡಿನ ಜಿಬೋರ್ಡ್‌ನಲ್ಲಿ ಕನ್ನಡವನ್ನು ಕೈಯಲ್ಲೇ ಬರೆದು ಅಚ್ಚಿನ ಅಕ್ಷರ ಮಾಡಿಕೊಳ್ಳಬಹುದು, ಪೆನ್ನಿದ್ದರೆ ಅದು ಬಲು ಸೊಗಸು. ಆದರೆ ಕನ್ನಡದ ಪುಸ್ತಕ, ಆಮಂತ್ರಣ, ಕರಪತ್ರದ ಲೋಕಕ್ಕೆ ಕಾಲಿಟ್ಟರೆ ಎದುರಾಗುವುದು ಬೇರೆಯೇ ಸಂಕಟ. ನನಗೆ ಕೆಲಸ ಕೊಡುವ ಎಷ್ಟೋ ಪ್ರೆಸ್ಸುಗಳು ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲೇ ಫೈಲು ಕಳಿಸುತ್ತವೆ, ಅದರಲ್ಲೇ ಕೇಳುತ್ತವೆ. ಟ್ಯಾಬಿನಲ್ಲಿ ತೆರೆದರೆ ಕನ್ನಡದ ಬದಲು ಟೊಪ್ಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಕಸ. ಪುಟ ಕಟ್ಟುವ ಇನ್‌ಡಿಸೈನ್ ಐಪ್ಯಾಡಿಗೂ ಇಲ್ಲ, ಆಂಡ್ರಾಯ್ಡಿಗೂ ಇಲ್ಲ. ಕೊನೆಗೆ ಮೂಲೆಯ ವಿಂಡೋಸ್ ಕಂಪ್ಯೂಟರಿನ ಧೂಳು ಒರೆಸಬೇಕು. ಕೀಬೋರ್ಡ್ ಕವರಿಗೆ ಮತ್ತೆ ಹತ್ತಿಪ್ಪತ್ತು ಸಾವಿರ ಸುರಿದು ಟ್ಯಾಬನ್ನು ಲ್ಯಾಪ್‌ಟಾಪ್ ಮಾಡಹೊರಟವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುವುದು ಇದಕ್ಕೇ.

ಮನೆಯಲ್ಲಿ ಕಂಪ್ಯೂಟರೇ ಇಲ್ಲದವರಿಗೆ ಪೆನ್ನು ಸಮೇತ ಬರುವ ಸ್ಯಾಮ್‌ಸಂಗ್ ಒಳ್ಳೆಯದು. ಹಳೆಯದಾದರೂ ಒಂದು ಇದ್ದವರಿಗೆ ಮೂರನೆಯ ದಾರಿಯಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ. ಪರದೆಯೇ ಇಲ್ಲದ ಪೆನ್ ಟ್ಯಾಬ್ಲೆಟ್. ವಾಕೊಮ್, ಹ್ಯೂಯಾನ್, ಎಕ್ಸ್‌ಪಿ-ಪೆನ್ ಮೂವರೂ ಮಾಡುತ್ತಾರೆ, ಮೂರು-ನಾಲ್ಕು ಸಾವಿರಕ್ಕೂ ಸಿಗುತ್ತದೆ. ಕಪ್ಪು ಹಲಗೆಯ ಮೇಲೆ ಕೈ, ಎದುರಿನ ಪರದೆಯ ಮೇಲೆ ಕಣ್ಣು. ಮೊದಲೆರಡು ವಾರ ಕೈ ಒಂದು ದಿಕ್ಕಿಗೆ, ಗೆರೆ ಒಂದು ದಿಕ್ಕಿಗೆ ಹೋಗುತ್ತದೆ. ಹಾರ್ಮೋನಿಯಂ ಕಲಿಯುವವರೂ ಮೊದಮೊದಲು ಮನೆಗಳನ್ನು ನೋಡಿಕೊಂಡೇ ನುಡಿಸುತ್ತಾರೆ, ಆಮೇಲೆ ನೋಡುವುದಿಲ್ಲ.

ತಂಗಿಯ ಮಗಳಿಗೆ ಕೊಡಿಸಿದ್ದು ಅದನ್ನೇ. ಅವಳಪ್ಪನ ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ ಕ್ರಿಟಾ ಇಳಿಸಿಕೊಟ್ಟೆ. ಅವಳ ಮುಖ ಎರಡು ದಿನ ಊದಿಕೊಂಡಿತ್ತು. ಉಳಿದ ಮೂವತ್ತು ಸಾವಿರ ಅವಳ ಹೆಸರಿನಲ್ಲೇ ಬ್ಯಾಂಕಿನಲ್ಲಿದೆ. ಎರಡನೇ ವರ್ಷಕ್ಕೂ ಐಪ್ಯಾಡೇ ಬೇಕೆಂದರೆ ಕೊಡಿಸುತ್ತೇನೆಂದು ಹೇಳಿದ್ದೇನೆ.