ಉಗಿಬಂಡಿಯ ಸ್ಮರಣೆಯೂ ಕರುಣರಸವೂ

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮಾರ್ಗವಾಗಿ ಕೋಲಾರಕ್ಕೆ ಓಡುತ್ತಿದ್ದ ಪುಟ್ಟ ಉಗಿಬಂಡಿಯನ್ನು ಕುರಿತು ನಮ್ಮಲ್ಲಿ ಅನೇಕರು ಬರೆದಿದ್ದಾರೆ. ಆ ಬರಹಗಳಲ್ಲಿ ಹೊಗೆಯುಂಟು, ಸಿಳ್ಳುಂಟು, ನಿಟ್ಟುಸಿರುಂಟು. ರಸವು ಮಾತ್ರ ವಿರಳ. ವಿಭಾವವಿಲ್ಲದೆ ರಸನಿಷ್ಪತ್ತಿಯಿಲ್ಲವೆಂಬುದು ಭರತಮುನಿಯ ಮತವಷ್ಟೆ. ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕದಲ್ಲಿ ಚಿತ್ರಗಳನ್ನು ನೋಡುವ ರಾಮನು ‘ಕಳೆದ ಕಾಲ’ವೆಂದಷ್ಟೇ ಮರುಗುವುದಿಲ್ಲ, ಇದು ಇಂಥ ಗಿರಿ, ಇದು ಇಂಥ ನದಿಯೆಂದು ಗುರುತಿಸಿ ಮರುಗುತ್ತಾನೆ.

ನಮ್ಮವರಿಗೆ ಸಾಮಗ್ರಿಯ ಕೊರತೆಯೆ? 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೂ, 1915ರಲ್ಲಿ ಬೆಂಗಳೂರಿನ ಕಡೆಯಿಂದ ಚಿಕ್ಕಬಳ್ಳಾಪುರಕ್ಕೂ ಬಂದ ಹಳಿ. ಗೌರಿಬಿದನೂರಿನ ಅಂದಿನ ಮೀಟರ್ ಹಳಿಗಿಂತಲೂ ಕಿರಿದಾದ ಅದರ ಎರಡೂವರೆ ಅಡಿ ಅಗಲ. ನಂದಿ ನಿಲ್ದಾಣದ ಹಳೆಯ ಕಟ್ಟಡ. ಉರಿಯುವ ಒಲೆಗೆ ಕಲ್ಲಿದ್ದಲನ್ನು ತುಂಬುತ್ತಿದ್ದವನ ಬೆವರು—ಇವೇ ವಿಭಾವಗಳು. ಬೆವರನ್ನು ಬಿಟ್ಟು ಹೊಗೆಯನ್ನು ಮಾತ್ರ ಹಾಡುವುದು ಪ್ರಯಾಣಿಕನ ಕಾವ್ಯವೇ ಹೊರತು ಬಂಡಿಯದಲ್ಲ.

ನಾನೂ ಇಂತಹ ನಿಟ್ಟುಸಿರುಗಳನ್ನು ಬರೆದವನೇ. ಆದುದರಿಂದ ಈ ಆಕ್ಷೇಪಣೆ ಮೊದಲು ನನಗೆ. 2013ರಲ್ಲಿ ಕೋಲಾರದವರೆಗೂ ಅಗಲ ಹಳಿ ಬಂದಿತು, ಊರಿಗೆ ಒಳಿತಾಯಿತು. ಕಿರುಹಳಿಯ ಬಂಡಿಯನ್ನೇರಿದವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಅವರು ಕಂಡುದನ್ನು ಕಂಡಂತೆ ಬರೆಯದಿದ್ದರೆ, ಮುಂದಿನವರಿಗೆ ದಕ್ಕುವುದು ನಮ್ಮ ನಿಟ್ಟುಸಿರೇ, ಬಂಡಿಯಲ್ಲ.